ಟಿ.ಬಿ. ಬಂದ ಊರು

ಸುಳ್ಯದಲ್ಲಿ ಸಮುದ್ರ ಇಲ್ಲ. ಕಡಬದಲ್ಲಿಯೂ ಇಲ್ಲ. ಇಷ್ಟು ಸಣ್ಣ ವಿಷಯವನ್ನು ಮೇಲಿನ ಕಚೇರಿಯ ತಲೆಗೆ ಹೊಗಿಸಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಈಗಿನ ಎಂಜಿನಿಯರ್ ಹುಡುಗರು ನರಿಮೊಗರಿನ ನನ್ನ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಪ್ಲಾನು ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುವುದು. ಅವರು ನಗುತ್ತಾರೆ. ನಗಲಿ. ಅವರ ಮೇಜಿಗೂ ಒಂದು ದಿನ ಸಮುದ್ರವಿಲ್ಲದ ಊರಿಗೆ ಸಮುದ್ರದ ನಕ್ಷೆ ಬಂದು ಬೀಳುತ್ತದೆ. ಆಗ ನನ್ನ ನೆನಪಾಗುತ್ತದೆ.

ಆಗ ನಾನು ಪುತ್ತೂರಿನಲ್ಲಿ ಓವರ್‌ಸೀಯರ್. ರಸ್ತೆ, ಮೋರಿ, ಶಾಲೆಯ ಹಂಚಿನ ಮಾಡು, ಸರ್ಕಾರದ್ದು ಎಂಬ ಕಲ್ಲುಗಾರೆಯೆಲ್ಲ ನಮ್ಮ ಕಚೇರಿಯ ತಲೆಯ ಮೇಲೆ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ತಮಿಳು ಬೆರೆಸಿ ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಮೇಲಧಿಕಾರಿಗಳು ಹೋಗಿ, ಘಟ್ಟದ ಮೇಲಿನ ಕನ್ನಡದಲ್ಲಿ ಬೈಯುವವರು ಬಂದಿದ್ದರು. ಬೈಗುಳ ಅರ್ಥವಾಗತೊಡಗಿದ್ದೊಂದೇ ನಮಗಾದ ಲಾಭ ಎಂದು ನಮ್ಮ ಡ್ರಾಫ್ಟ್ಸ್‌ಮನ್ ಹೇಳುತ್ತಿದ್ದ. ಅಡಿ ಇಂಚು ಹೋಗಿ ಮೀಟರು ಬಂದದ್ದೂ ಅದೇ ಹೊತ್ತಿಗೆ. ಮೇಸ್ತ್ರಿಗಳು ಮೀಟರಿನ ಟೇಪು ಹಿಡಿದು, ಮನಸ್ಸಿನಲ್ಲಿ ತಮ್ಮ ಹಳೆಯ ಕೋಲಿನ ಅಳತೆಗೆ ತಿರುಗಿಸಿ, ಬಾಯಲ್ಲಿ ಅಡಿಯ ಲೆಕ್ಕ ಹೇಳುತ್ತಿದ್ದರು. ಮೂರರಲ್ಲಿ ಯಾವುದನ್ನು ಗೋಡೆಗೆ ಹಾಕಿದರೆಂದು ಗೋಡೆ ಎದ್ದ ಮೇಲೆಯೇ ತಿಳಿಯುವುದು.

ಹೀಗಿರುವಾಗ ಆ ಯೋಜನೆ ಬಂತು. ಕರಾವಳಿ ಜಿಲ್ಲೆಗೆ ಪ್ರವಾಸಿಗಳು ಬರಬೇಕು, ಬಂದವರಿಗೆ ಉಳಿಯಲು, ಮೀಯಲು, ಉಣ್ಣಲು ಅನುಕೂಲ ಬೇಕು. ಅದಕ್ಕೆ ಎರಡು ಜಾಗ ಆರಿಸಿದ್ದರು. ಒಂದು ಕಡಲ ತೀರದಲ್ಲಿ. ಅದು ನಮ್ಮ ಪಾಲಿನದಲ್ಲ. ಇನ್ನೊಂದು ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಕುಮಾರಧಾರೆಯ ದಡದ ಕುಂಟಾಲಡ್ಕ ಎಂಬಲ್ಲಿ. ಎರಡಕ್ಕೂ ಒಂದೇ ಮಾದರಿ ನಕ್ಷೆ. ಜಿಲ್ಲೆ ಕರಾವಳಿ ಎಂದ ಮೇಲೆ ಇಡೀ ಜಿಲ್ಲೆಯೇ ಮರಳು ಎಂದು ಅದನ್ನು ಬರೆದವರು ತಿಳಿದಿರಬೇಕು. ಸೂರ್ಯಾಸ್ತ ನೋಡಲು ಪಡುವಣಕ್ಕೆ ಜಗಲಿ, ಈಜುವ ಉಡುಪು ಹಾಕಿಕೊಳ್ಳಲು ಸಣ್ಣ ಸಣ್ಣ ಕೋಣೆಗಳು, ಅಂಗಳದಲ್ಲಿ ದೊಡ್ಡ ಬಣ್ಣದ ಛತ್ರಿ ಊರಲು ಕಾಂಕ್ರೀಟಿನ ಗುಳಿಗಳು!

ನಮ್ಮ ಎಂಜಿನಿಯರ್ ಮೈಸೂರು ಕಡೆಯವರು. ಅವರ ಹೆಸರು ಇಲ್ಲಿ ಬೇಡ. ಬೆನ್ನ ಹಿಂದೆ ನಾವು ಅವರನ್ನು ‘ತೂಗುಗುಂಡು’ ಎನ್ನುತ್ತಿದ್ದೆವು. ನೆಟ್ಟಗೆ ನಿಲ್ಲುವವರು, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ತೂಗುಗುಂಡು ಇಟ್ಟುಕೊಂಡು ಸಿಕ್ಕಿದ ಗೋಡೆಗೆಲ್ಲ ಹಿಡಿದು ಓರೆ ನೋಡುವವರು. ಅವರು ನಕ್ಷೆ ಬಿಡಿಸಿ ಹಿಡಿದುಕೊಂಡು ಹೊಳೆಬದಿಯಲ್ಲಿ ನಿಂತರು.

‘‘ಓವರ್‌ಸೀಯರೇ, ಈ ಜಗಲೀಲಿ ಕೂತ್ರೆ ಪಡುವಲಕ್ಕೆ ಏನು ಕಾಣತ್ತೆ?’’

‘‘ದರೆ ಕಾಣ್ತದೆ ಸರ್. ಗೋಡೆಯ ಹಾಗೆ ಎದ್ದ ಮಣ್ಣಿನ ದರೆ.’’

‘‘ಸಮುದ್ರ?’’

‘‘ಅದು ದರೆಯ ಆಚೆ ಸರ್. ಪುತ್ತೂರು ದಾಟಿ, ಬಂಟ್ವಾಳ ದಾಟಿ, ಮಂಗಳೂರಿನ ಆಚೆ ಉಂಟು.’’

ಅವರು ನನ್ನನ್ನೇ ನೋಡಿದರು. ಈಗ ಬೈಗುಳ ಬಂತು ಎಂದುಕೊಂಡೆ. ಬರಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು, ‘‘ಇದನ್ನ ಒಳಗಿಡಿ. ಇಲ್ಲಿಗೆ ಬರೋ ಜನ ಏನು ಮಾಡ್ತಾರೆ ಅಂತ ಮೊದಲು ಕೂತು ನೋಡಿ. ಆಮೇಲೆ ಪೆನ್ಸಿಲ್ ಹಿಡೀರಿ’’ ಎಂದರು. ನನ್ನ ವೃತ್ತಿಯಲ್ಲಿ ನಾನು ಕೇಳಿದ ಬುದ್ಧಿಮಾತುಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಮೇಲಿನ ಕಚೇರಿಗೆ ಸಮುದ್ರ ಇಲ್ಲವೆಂದು ಒಪ್ಪಿಸುವ ಬರವಣಿಗೆಯ ಜಗಳ ಬೇರೆ ನಡೆಯುತ್ತಲೇ ಇತ್ತು. ನಾನು ಕೂತು ನೋಡತೊಡಗಿದೆ.

ಕೂರಲು ಇದ್ದದ್ದು ಒಂದೇ ಜಾಗ, ದೇವಕಿಯಕ್ಕನ ಹೊಟೇಲು. ಹೊಟೇಲೆಂದರೆ ಮುಳಿಹುಲ್ಲಿನ ಮಾಡು, ಎರಡು ಬೆಂಚು, ಹಿಂದೆ ಒಂದು ಕೋಣೆ. ಅವಳು ಅಜ್ಜಾವರದ ಹೆಣ್ಣು. ಮನೆಯವರೊಡನೆ ಅರೆಭಾಷೆ, ಬಸ್ಸಿನವರೊಡನೆ ತುಳು, ನನ್ನೊಡನೆ ಕನ್ನಡ. ಗಂಡನನ್ನು ಬಿಟ್ಟವಳು, ಕೊಡಗಿನ ಕಾಫಿ ತೋಟದಲ್ಲಿ ದುಡಿದು ಬಂದವಳು, ಈಗ ತಮ್ಮನ ಜಾಗದಲ್ಲಿ ಹೊಟೇಲು ಇಟ್ಟಿದ್ದಾಳೆ ಎಂದು ಊರವರು ಹೇಳುತ್ತಿದ್ದರು. ಮೊದಲ ದಿನ ನಾನು ಬೆಂಚಿನಲ್ಲಿ ಕೂತು ಚಾ ಹೇಳಿದಾಗ ಅವಳು ಗ್ಲಾಸು ಹಿಡಿದು ಬಂದವಳು ಹಾಗೆಯೇ ನಿಂತಳು. ನನಗೂ ಎಲ್ಲೋ ನೋಡಿದ ಮುಖ.

‘‘ಅಣ್ಣ ಹೇಗಿದ್ದಾರೆ?’’ ಎಂದಳು, ಬಹಳ ಸಣ್ಣ ದನಿಯಲ್ಲಿ.

ಆಗ ನೆನಪಾಯಿತು. ನಮ್ಮ ಕಡೆಯವರಿಗೆ ಸಮುದ್ರದ ಹತ್ತಿರ ಇದ್ದದ್ದು ಎರಡೇ ಕೆಲಸ: ಸತ್ತವರ ಬೂದಿ ಬಿಡುವುದು, ಇಲ್ಲವೆ ಕ್ಷಯದ ರೋಗಿಯನ್ನು ಕಡಲ ಗಾಳಿಯಲ್ಲಿ ಇಡುವುದು. ನನ್ನ ಅಣ್ಣ ಅಂಥ ಒಂದು ಆಸ್ಪತ್ರೆಯಲ್ಲಿದ್ದ. ನಾನು ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋಗುವಾಗ, ಹೆಂಗಸರ ಜಗಲಿಯಲ್ಲಿ ಸಾಲು ಮಂಚಗಳ ಕೊನೆಗೆ ಈ ಮುಖ ಕೂತಿರುತ್ತಿತ್ತು. ಅವಳನ್ನು ನೋಡಲು ಯಾರೂ ಬರುತ್ತಿರಲಿಲ್ಲವಾದ್ದರಿಂದ ಅಣ್ಣ ಅವಳಿಗೂ ಒಂದು ಹಣ್ಣು ಕಳಿಸುತ್ತಿದ್ದ.

‘‘ಅಣ್ಣ ಇಲ್ಲ. ಹೋದ’’ ಎಂದೆ. ಅವಳ ಕಣ್ಣು ತುಂಬಿತು. ಹೊಸ ಸೂಜಿಮದ್ದು ನಮ್ಮ ಕಡೆಗೆ ಬರುವ ಸ್ವಲ್ಪ ಮೊದಲು ಅವನು ತೀರಿಕೊಂಡ. ಅವಳಿಗೆ ಅದು ಸಿಕ್ಕಿತು. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅವಳ ಮೇಲಲ್ಲ.

‘‘ನಾನು ಕೊಡಗಿನಲ್ಲಿ ಇದ್ದದ್ದು ಅಂತ ಇಲ್ಲಿ ಎಲ್ರಿಗೂ ಗೊತ್ತಿರುದು’’ ಎಂದಳು. ‘‘ಗಂಡನ ಮನೆಯವ್ರು ಬಾಗಿಲು ಹಾಕಿದ್ರು. ಬಾಯಿ ಬಿಟ್ರೆ ಇಲ್ಲಿಯೂ ಜಾಗ ಇಲ್ಲ ಅಂತ ತಮ್ಮ ಮೊದಲೇ ಹೇಳಿದ್ದಾನೆ.’’

‘‘ನನಗೂ ಅಷ್ಟೇ ಗೊತ್ತು ದೇವಕಿಯಕ್ಕ. ಕೊಡಗು’’ ಎಂದೆ. ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ.

ಆ ಬೆಂಚಿನಲ್ಲಿ ಕೂತು ನಾನು ಕಂಡದ್ದನ್ನು ಹೊಸಬರಿಗಾಗಿ ಹೇಳುತ್ತೇನೆ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ನಿಂತರೆ ಇಳಿದವರು ಯಾರೂ ಮೊದಲು ಪ್ರಕೃತಿ ಸೌಂದರ್ಯ ನೋಡುವುದಿಲ್ಲ. ಮರೆ ಹುಡುಕಿ ಓಡುತ್ತಾರೆ. ಆಮೇಲೆ ಹೊಳೆಗೆ ಇಳಿಯುತ್ತಾರೆ. ಗಂಡಸರು ಮಿಂದು ಏಳುವವರೆಗೆ ಹೆಂಗಸರು ಬಿಸಿಲಿನಲ್ಲಿ ಕಾಯುತ್ತಾರೆ. ಮುದುಕರು ಜಾರುವ ಕಲ್ಲಿಗೆ ಹೆದರಿ ಕೈಕಾಲು ತೊಳೆದು ಸಮಾಧಾನ ಮಾಡಿಕೊಳ್ಳುತ್ತಾರೆ. ಕೊನೆಗೆ ಒದ್ದೆ ಸೀರೆ ಪಂಚೆಗಳನ್ನು ಎಲ್ಲಿ ಹರಡುವುದೆಂದು ಗೊತ್ತಾಗದೆ ಬಸ್ಸಿನ ಕಿಟಕಿಗೆ ಕಟ್ಟುತ್ತಾರೆ. ಛತ್ರಿಯ ಗುಳಿ ಯಾರಿಗೂ ಬೇಕಿರಲಿಲ್ಲ.

ಆದ್ದರಿಂದ ಹೊಸ ನಕ್ಷೆಯಲ್ಲಿ ಕಕ್ಕಸುಗಳನ್ನು ಹೊಳೆಯಿಂದ ದೂರ, ಕೆಳಗಿನ ಬದಿಗೆ ಹಾಕಿದೆ. ಹೆಂಗಸರಿಗೆ ಮೇಲ್ಬದಿಯಲ್ಲಿ, ಗೋಡೆಯ ಮರೆಯಲ್ಲಿ ಹೊಳೆಗಿಳಿಯುವ ಮೆಟ್ಟಿಲು. ಕೈ ಹಿಡಿಯಲು ಸರಳು. ಜಗಲಿಯನ್ನು ಮೂಡಕ್ಕೆ ತಿರುಗಿಸಿ ಉದ್ದ ಮಾಡಿದೆ. ಬಸ್ಸು ಕಾಯುವವರು ಹೊಳೆ, ಆಚೆಯ ಘಟ್ಟ ನೋಡುತ್ತ ಮಲಗಿಯೂ ಇರಬಹುದು. ಜಗಲಿಯ ಹಿಂದೆ ಬಟ್ಟೆ ಒಣಗಿಸುವ ಸಲಾಕೆಗಳು. ಅದನ್ನು ನೋಡಿ ತೂಗುಗುಂಡು ನಕ್ಕರು. ಆದರೆ ಹೊಡೆದು ಹಾಕಲಿಲ್ಲ. ಕೊನೆಗೆ ಅಧಿಕಾರಿಗಳು, ದೂರದ ಪ್ರವಾಸಿಗಳು ಉಳಿಯಲು ಬಂಗಲೆ, ಅದಕ್ಕೆ ತಾಗಿ ಮೇಟಿಯ ಮನೆ. ಮೇಟಿ ಎಂದರೆ ಬಂಗಲೆ ನೋಡಿಕೊಂಡು ಬಂದವರಿಗೆ ಅಡುಗೆ ಮಾಡುವವನು. ಆ ಶಬ್ದ ನಮಗೆ ಹೊಸತು, ಎಂಜಿನಿಯರ ಜೊತೆ ಘಟ್ಟ ಇಳಿದು ಬಂದದ್ದು.

ನಕ್ಷೆಯನ್ನು ಬೆಂಚಿನ ಮೇಲೆ ಹರಡಿದಾಗ ದೇವಕಿಯಕ್ಕ ಬಗ್ಗಿ ನೋಡಿದಳು.

‘‘ಈ ಸಣ್ಣ ಮನೆ ಯಾರಿಗೆ?’’

‘‘ಮೇಟಿಗೆ. ಕೆಲಸ ಇರುವವರೆಗೆ ಅವನದ್ದೇ.’’

‘‘ಸರ್ಕಾರದ ಮನೆಯಿಂದ ತಮ್ಮ, ಭಾವ, ಅತ್ತೆ ಯಾರೂ ಬಂದು ಹೊರಗೆ ಹಾಕ್ಲಿಕ್ಕೆ ಆಗುದಿಲ್ಲ ಅಲ್ವಾ?’’

‘‘ಆಗುದಿಲ್ಲ.’’

‘‘ಮೇಟಿ ಹೆಂಗ್ಸು ಆಗ್ಬಹುದಾ?’’

ನಾನು ಇನ್ನೊಂದು ಬೆಂಚಿನಲ್ಲಿ ಕೂತಿದ್ದ ಎಂಜಿನಿಯರ ಕಡೆ ನೋಡಿದೆ. ಅವಳ ಅವಲಕ್ಕಿ ತಿನ್ನುತ್ತಿದ್ದ ಎಂಜಿನಿಯರು ತಲೆ ಎತ್ತದೆ, ‘‘ಬೇಯಿಸಿದ್ದು ಗಂಡಸೋ ಹೆಂಗಸೋ ಅಂತ ಅನ್ನ ಕೇಳತ್ತೇನ್ರೀ? ಬಂಗ್ಲೆ ಏಳಲಿ, ಕೆಲಸ ನಿಮ್ದೇ’’ ಎಂದರು. ಅಂದಿನಿಂದ ಬಂಗಲೆ ಏಳುವುದು ನಮ್ಮೆಲ್ಲರಿಗಿಂತ ಅವಳಿಗೆ ಅವಸರವಾಯಿತು. ನಾನು ಬಂದ ಕೂಡಲೇ ಕಲ್ಲು ಬಂತಾ, ಸುಣ್ಣ ಬಂತಾ ಎಂದು ಕೇಳುತ್ತಿದ್ದಳು.

ಗೂಟ ಹೊಡೆದು, ದಾರ ಎಳೆದು, ಒಂದು ಹಲಗೆ ನೆಡುವುದು ಎಂದಾಯಿತು. ಟ್ರಾವೆಲರ್ಸ್ ಬಂಗಲೆಯ ನಿವೇಶನ ಎಂದು ಬರೆಯಲು ಪುತ್ತೂರಿನ ಪೇಂಟರಿಗೆ ಹೇಳಿದ್ದೆವು. ಹಲಗೆ ಗಿಡ್ಡ, ಅವನ ಅಕ್ಷರ ದಪ್ಪ. ಇಲಾಖೆಯವರೆಲ್ಲ ಬಾಯಲ್ಲಿ ಹೇಳುವುದು ಟಿ.ಬಿ. ಎಂದೇ ತಾನೇ? ಅವನೂ ಜಾಣತನ ತೋರಿಸಿ ಕೆಂಪು ಬಣ್ಣದಲ್ಲಿ ‘ಟಿ.ಬಿ. ನಿವೇಶನ’ ಎಂದು ಬರೆದು ನೆಟ್ಟು ಬಂದ. ಕೆಂಪು ಬಣ್ಣವೇ ಏಕೆಂದರೆ ಅದು ಮಿಕ್ಕಿತ್ತಂತೆ!

ನಾನು ಮುಂದಿನ ವಾರ ಹೋದಾಗ ಹಲಗೆ ಹೊಳೆಯಲ್ಲಿತ್ತು. ಗೂಟಗಳು ಯಾರದೋ ಒಲೆಗೆ ಹೋಗಿದ್ದವು. ಊರಿಗೆ ಟಿ.ಬಿ. ಬರುತ್ತದಂತೆ, ಸರ್ಕಾರ ಕೆಮ್ಮಿನವರನ್ನು ತಂದು ನಮ್ಮ ನೀರಿನ ಬದಿಯಲ್ಲಿ ಇಡುತ್ತದಂತೆ ಎಂದು ಕಡಬದ ಸಂತೆಯವರೆಗೆ ಸುದ್ದಿ ಮುಟ್ಟಿತ್ತು.

ಎಂಜಿನಿಯರು ಬಂದರು. ದೇವಕಿಯಕ್ಕನ ಹೊಟೇಲಿನ ಮುಂದೆ ಊರೆಲ್ಲ ಸೇರಿತು. ಬೆಂಚಿನ ನಡುವೆ ಊರಿನ ಪಟೇಲರು. ಅವರ ಮನೆಯ ಗದ್ದೆ ತೋಟವೆಲ್ಲ ಆ ಹೊಳೆಯ ನೀರನ್ನೇ ನಂಬಿದ್ದು. ಸಭೆ ಎಂದ ಮೇಲೆ ಚಾ ಬೇಕಷ್ಟೆ. ಎಲ್ಲರ ಕೈಗೂ ಅವಳು ಗ್ಲಾಸು ಕೊಟ್ಟಿದ್ದಳು.

‘‘ಓವರ್‌ಸೀಯರ್ರೇ, ನೀವು ನಮ್ಮ ಕಡೆಯವ್ರೇ. ಸತ್ಯ ಹೇಳಿ. ಆ ಕಾಯಿಲೆಯವ್ರನ್ನು ಇಲ್ಲಿ ಇಡುದು ಹೌದಾ, ಅಲ್ವಾ?’’ ಎಂದರು ಪಟೇಲರು.

‘‘ಅಲ್ಲ ಪಟೇಲ್ರೇ. ಟಿ.ಬಿ. ಅಂದ್ರೆ ಬಂಗ್ಲೆ. ದೊಡ್ಡ ದೊಡ್ಡವ್ರು ಬಂದು ಉಳಿಯುವ ಬಂಗ್ಲೆ.’’

‘‘ದೊಡ್ಡವ್ರಿಗೆ ಕೆಮ್ಮು ಬರುದಿಲ್ವಾ?’’ ಎಂದು ಹಿಂದಿನಿಂದ ಒಬ್ಬ.

ನಗೆ ಎದ್ದಿತು. ಆದರೆ ಪಟೇಲರು ನಗಲಿಲ್ಲ. ನಕ್ಷೆ ತೆಗೆಸಿ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟರು.

‘‘ಈ ಉದ್ದದ ಜಗಲಿ ಎಂತಕ್ಕೆ? ಮಂಚ ಸಾಲಾಗಿ ಇಡ್ಲಿಕ್ಕೆ ತಾನೇ? ಆ ಆಸ್ಪತ್ರೆಯಲ್ಲಿ ಹಾಗೆಯೇ ಇಡುದು, ನಾನು ಕೇಳಿದ್ದೇನೆ. ಇಷ್ಟು ಬಟ್ಟೆ ಒಣಗಿಸ್ಲಿಕ್ಕೆ ಯಾರುಂಟು? ಕಕ್ಕಸು ಅಷ್ಟು ದೂರ ಎಂತಕ್ಕೆ ಮಾರಾಯ್ರೆ? ನಮ್ಮನ್ನು ಮಂಗ ಮಾಡ್ಬೇಡಿ.’’

ಪಟೇಲರ ಬೆರಳಿನ ಹಿಂದೆಯೇ ನನ್ನ ಕಣ್ಣೂ ನಕ್ಷೆಯ ಮೇಲೆ ಹೋಯಿತು. ಪ್ರವಾಸಿಗಳಿಗಾಗಿ ಕೂತು, ನೋಡಿ, ತಿದ್ದಿ ಮಾಡಿದ ಒಂದೊಂದು ಅನುಕೂಲವೂ ಆಸ್ಪತ್ರೆಯ ಸಾಕ್ಷಿಯಾಗಿ ನಿಂತಿತ್ತು. ಅಣ್ಣ ಮಲಗಿದ್ದ ಜಗಲಿಯೂ ಹಾಗೆಯೇ ತೆರೆದು ಉದ್ದಕ್ಕಿತ್ತು. ಆ ಉದ್ದ ನನ್ನ ಪೆನ್ಸಿಲಿಗೆ ಎಲ್ಲಿಂದ ಬಂತೆಂದು ನನಗೇ ಅನುಮಾನವಾಯಿತು.

ತೂಗುಗುಂಡಿಗೆ ಸಿಟ್ಟು ಬಂತು. ‘‘ಬೇಡ ಅಂದ್ರೆ ಬಿಡಿ. ಹೊಳೆ ಆಚೆ ದಡದ ಊರಿನೋರು ಜಾಗ ಕೊಡ್ತೀವಿ ಅಂತಿದಾರೆ. ನಾಳೆ ಅಲ್ಲಿ ಗೂಟ ಹೊಡೀತೀವಿ, ಅಲ್ಲಿಯೋರನ್ನೇ ಕೆಲಸಕ್ಕೂ ತಗೋತೀವಿ’’ ಎಂದು ಎದ್ದು ನಿಂತರು. ಒಳ್ಳೆಯದಾಯಿತೆಂದು ಊರವರೂ ಏಳತೊಡಗಿದರು.

ದೇವಕಿಯಕ್ಕ ಖಾಲಿ ಗ್ಲಾಸು ಒಟ್ಟು ಮಾಡುತ್ತಿದ್ದವಳು ನನ್ನ ಕಡೆ ನೋಡಿದಳು. ಅವಳು ಏನು ಮಾಡಲು ಹೊರಟಿದ್ದಾಳೆಂದು ನನಗೆ ಹೊಳೆಯಿತು. ಬೇಡ ಎಂದು ತಲೆ ಆಡಿಸಿದೆ. ಬಂಗಲೆ ಹೋದರೆ ಮೇಟಿಯ ಮನೆಯೊಂದೇ ಹೋಗುವುದು. ಇದನ್ನು ಹೇಳಿದರೆ ಇದ್ದದ್ದೂ ಹೋಗುತ್ತದೆ.

‘‘ಪಟೇಲ್ರೇ, ಸ್ವಲ್ಪ ಕೂತ್ಕೊಳ್ಳಿ’’ ಎಂದಳು. ‘‘ಆ ಕಾಯಿಲೆ ಬರ್ತದೆ ಅಂತ ನೀವು ಹೆದರುದು. ಅದು ಈ ಊರಿಗೆ ಬಂದು ಎಷ್ಟೋ ವರ್ಷ ಆಯ್ತು. ನನ್ನೊಟ್ಟಿಗೇ ಬಂದದ್ದು. ನಾನು ಕೊಡಗಿನಲ್ಲಿ ಇದ್ದದ್ದಲ್ಲ. ಸಮುದ್ರದ ಬದಿಯ ಆಸ್ಪತ್ರೆಯಲ್ಲಿ ಇದ್ದದ್ದು. ಸೂಜಿ ಹಾಕಿಸ್ಕೊಂಡೆ, ಮದ್ದು ನುಂಗಿದೆ, ಗುಣ ಆಯ್ತು, ಇನ್ನು ಯಾರಿಗೂ ತಾಗುದಿಲ್ಲ ಅಂತ ಡಾಕ್ಟ್ರು ಕಳಿಸಿದ್ರು. ಅದರ ನಂತ್ರ ನೀವೆಲ್ಲ ಕುಡಿದದ್ದು ನನ್ನ ಕೈಯ ಚಾವನ್ನೇ. ಯಾರಿಗೆ ಎಂತ ಆಗಿದೆ, ಹೇಳಿ. ನನಗೇ ಹೆದರ್ಬೇಕಾಗಿಲ್ಲ ಅಂದ್ರೆ ಬರೇ ಹೆಸರಿಗೆ ಹೆದರುದು ಎಂತಕ್ಕೆ?’’

ಅವಳ ತಮ್ಮ ಗುಂಪಿನ ಹಿಂದಿನಿಂದ ಸರಿದು ಹೋದ. ಪಟೇಲರ ಗ್ಲಾಸಿನಲ್ಲಿ ಅರ್ಧ ಚಾ ಇತ್ತು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು, ಗ್ಲಾಸನ್ನು ಮೆಲ್ಲನೆ ಬೆಂಚಿನ ಮೇಲಿಟ್ಟರು. ಎಂಜಿನಿಯರಿಗೆ, ‘‘ಗೂಟ ಇಲ್ಲೇ ಹೊಡೀರಿ’’ ಎಂದು ಹೇಳಿ ಹೋದರು. ಅವಳ ಮಾತನ್ನು ಒಪ್ಪಿದರು, ಚಾವನ್ನು ಬಿಟ್ಟರು. ಮನುಷ್ಯರು ಹಾಗೆಯೇ. ನನಗೆ ಅವರ ಮೇಲೆ ಬಂದ ಸಿಟ್ಟು ತಣಿಯಲು ವರ್ಷಗಳೇ ಹಿಡಿದವು.

ಬಂಗಲೆ ಉಳಿಯಿತು. ದೇವಕಿಯಕ್ಕನ ಹೊಟೇಲು ಮುಚ್ಚಿತು. ಸಂಜೆಯೊಳಗೆ ತಮ್ಮ ಅವಳ ಟ್ರಂಕನ್ನು ರಸ್ತೆಗೆ ಇಟ್ಟಿದ್ದ. ಎಂಜಿನಿಯರು ಅದನ್ನು ನೋಡಿ ನನ್ನನ್ನು ಕರೆದು, ‘‘ಸಿಮೆಂಟ್ ಶೆಡ್ಡಿಗೆ ಕಾವಲು ಬೇಕಲ್ವೇನ್ರೀ?’’ ಎಂದರು. ಸಿಮೆಂಟು ಇನ್ನೂ ಬಂದಿರಲಿಲ್ಲ. ಬೇಕು ಸರ್ ಎಂದೆ. ಹೀಗೆ ಅವಳು ಖಾಲಿ ಶೆಡ್ಡಿಗೆ ಕಾವಲಾಗಿ ಬಂದು, ಗೋಡೆಗಳು ಏಳುವುದನ್ನು ಅಲ್ಲಿಂದಲೇ ನೋಡಿದಳು. ಅಡುಗೆಮನೆಯ ಕಿಟಕಿಯನ್ನು ನಾನು ಹಿಂಬದಿಯಿಂದ ತೆಗೆದು ರಸ್ತೆಯ ಬದಿಗೆ ಇಟ್ಟು, ಎರಡರಷ್ಟು ಅಗಲ ಮಾಡಿದೆ. ಒಳಗೆ ಏನು ಬೇಯುತ್ತಿದೆ, ಯಾರು ಬೇಯಿಸುತ್ತಿದ್ದಾರೆ ಎಂದು ದಾರಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದೇ ಮಾಡಿದ್ದು. ಮಾದರಿ ನಕ್ಷೆಯಲ್ಲಿ ಹಾಗಿಲ್ಲವೆಂದು ಆಕ್ಷೇಪ ಬಂದಾಗ, ಸಮುದ್ರದ ಗಾಳಿ ಇಲ್ಲದ ಕಾರಣ ಹೆಚ್ಚಿನ ಗಾಳಿ ಬೇಕೆಂದು ಬರೆದುಕೊಟ್ಟೆ. ಸಮುದ್ರ ನನಗೆ ಉಪಕಾರಕ್ಕೆ ಬಂದದ್ದು ಅದೊಂದೇ ಸಲ.

ಕಟ್ಟಡ ಮುಗಿದ ಮೇಲೆ ಅವಳನ್ನು ಮೇಟಿಯಾಗಿ ನೇಮಿಸಬಾರದೆಂದು ಗುಸುಗುಸು ಎದ್ದಿತು. ಬಂದವರು ಉಣ್ಣಲಿಕ್ಕಿಲ್ಲ ಎಂದು ನಮ್ಮ ಕಚೇರಿಯವರೇ ಹೇಳಿದರು. ಪುತ್ತೂರಿನ ಸರ್ಕಾರಿ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲವೆಂದರೂ ಮಾತು ನಿಲ್ಲಲಿಲ್ಲ. ತೂಗುಗುಂಡು ಯಾರೊಡನೆಯೂ ವಾದ ಮಾಡಲಿಲ್ಲ. ಬಂಗಲೆಗೆ ಮೊದಲ ಅತಿಥಿಯಾಗಿ ತಾವೇ ಬಂದರು, ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು. ಜೀಪಿನಿಂದ ಇಳಿದವರೇ ಎಲ್ಲರಿಗೂ ಕೇಳುವಂತೆ, ‘‘ಕಾಂಕ್ರೀಟಿಗೆ ಭಾರ ಹೇರಿ ಲೋಡ್ ಟೆಸ್ಟ್ ಮಾಡ್ತೀವಿ, ಅಡುಗೆಮನೆಗೆ ಮಾಡ್ಬಾರದಾ? ದೇವಕಮ್ಮ, ಅಡುಗೆಮನೇಲೇ ಎಲೆ ಹಾಕಿ’’ ಎಂದರು. ರಸ್ತೆ ಬದಿಯ ಆ ಅಗಲ ಕಿಟಕಿಯ ಹೊರಗೆ ಊರು ನಿಂತು ನೋಡಿತು. ಮಗು ಎರಡನೇ ಸಲ ಪಾಯಸ ಕೇಳಿತು. ಅವಳು ಸೌಟು ತುಂಬ ಬಡಿಸಿದಳು. ನಾನು ಹೊರಗೆ ಹೋಗಿ ಸುಮ್ಮನೆ ಬಟ್ಟೆ ಒಣಗಿಸುವ ಸಲಾಕೆ ಗಟ್ಟಿ ಇದೆಯೇ ಎಂದು ಅಲ್ಲಾಡಿಸಿ ನೋಡಿದೆ. ಅಳುವುದನ್ನು ಯಾರೂ ನೋಡಬಾರದಿತ್ತು.

ಪಟೇಲರು ಬಹಳ ಕಾಲ ಆ ಜಗಲಿಗೆ ಬರಲಿಲ್ಲ. ಬಂದ ಮೇಲೂ ‘ಚಾ ಬೇಡ, ಈಗಷ್ಟೇ ಕುಡಿದದ್ದು’ ಎನ್ನುತ್ತಿದ್ದರಂತೆ. ಅವಳು ಪ್ರತಿ ಸಲವೂ ಕೇಳುತ್ತಿದ್ದಳಂತೆ. ಕೊನೆಗೆ ಒಂದು ದಿನ ಕುಡಿದು, ಸಕ್ಕರೆ ಕಡಿಮೆ ಎಂದರಂತೆ. ನಾನು ಆಗ ಅಲ್ಲಿರಲಿಲ್ಲ, ವರ್ಗವಾಗಿತ್ತು.

ಆಮೇಲೆ ಹಲಗೆಯನ್ನು ಬದಲಿಸಿ ‘ಪ್ರವಾಸಿ ಮಂದಿರ’ ಎಂದು ಬರೆಸಿದರು. ಚಂದದ ಹೆಸರು. ಯಾರೂ ಹಾಗೆ ಕರೆಯಲಿಲ್ಲ. ಕುಂಟಾಲಡ್ಕ ಎಂಬ ಹೆಸರೂ ಬಸ್ಸಿನವರಿಗೆ ಉದ್ದವಾಯಿತು. ಕೆಲವು ವರ್ಷ ಕಳೆದು ನಾನು ಸುಬ್ರಹ್ಮಣ್ಯದ ಕಡೆಗೆ ಹೋಗುವಾಗ ಕಡಬದಲ್ಲಿ ದೇವಕಿಯಕ್ಕ ತರಕಾರಿಯ ಚೀಲ ಹಿಡಿದು ಅದೇ ಬಸ್ಸು ಹತ್ತಿದಳು. ಕೂದಲು ಸ್ವಲ್ಪ ನರೆತಿತ್ತು. ನನ್ನನ್ನು ನೋಡಿರಲಿಲ್ಲ. ಕಂಡಕ್ಟರ್ ಎಲ್ಲಿಗೆ ಅಕ್ಕ ಎಂದ.

‘‘ಟೀಬಿಗೆ ಒಂದು’’ ಎಂದಳು.

ನಾನು ಹಿಂದಿನಿಂದ ಕರೆದೆ. ತಿರುಗಿ ನೋಡಿ, ಬಾಯಿ ತುಂಬ ನಕ್ಕು, ಬಂದು ಪಕ್ಕದಲ್ಲಿ ಕೂತಳು. ಜಗಲಿಯ ಹಂಚು, ಹೊಳೆಯ ನೀರು, ಬಂದು ಹೋದ ಪ್ರವಾಸಿಗಳು, ಎಲ್ಲದರ ಸುದ್ದಿ ಹೇಳಿದಳು. ಮತ್ತೆ ದನಿ ತಗ್ಗಿಸಿದಳು.

‘‘ನಿಮ್ಮ ಅಣ್ಣ, ನಾನು ಅಲ್ಲಿ ಇರುವಾಗ ಆ ಎರಡು ಅಕ್ಷರ ಯಾರೂ ಬಾಯಿ ಬಿಟ್ಟು ಹೇಳ್ತಿರ್ಲಿಲ್ಲ. ಡಾಕ್ಟ್ರು ಸಹ ಎದೆಯ ಕಾಯಿಲೆ ಅಂತ ಹೇಳುದು. ಈಗ ನೋಡಿ, ನನ್ನ ಮನೆಗೆ ಹೋಗ್ಬೇಕಾದ್ರೆ ಅದನ್ನೇ ಹೇಳ್ಬೇಕು.’’

ಬಸ್ಸು ತಿರುವಿನಲ್ಲಿ ಹೊರಳಿ ಹೊಳೆಬದಿಗೆ ಇಳಿಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಬೊಬ್ಬೆ ಹಾಕಿದ:

‘‘ಟೀಬಿ, ಟೀಬಿ! ಟೀಬಿಯವ್ರು ಯಾರು? ಬೇಗ ಇಳೀರಿ!’’

ದೇವಕಿಯಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

‘‘ನಾನೇ ಮಾರಾಯ, ನಿಲ್ಸು’’ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿ, ಚೀಲ ಎತ್ತಿಕೊಂಡು ಇಳಿದಳು.